ಒಂದು ಸಣ್ಣ ಪಾರ್ಸೆಲ್ ಉಂಟು

ಜನವರಿ ೧೦, ಶನಿವಾರ, ಸಂಜೆ ಆರೂಕಾಲು, ಬುಸೈತೀನ್.

ಸೂಟ್‌ಕೇಸಿಗೆ ಚಕ್ರಗಳಿವೆ ಎಂಬುದು ಅಂಗಡಿಯ ನುಣುಪು ನೆಲದ ಮೇಲೆ ಮಾತ್ರ ನಿಜ. ಬಸ್ಸಿನ ಮೆಟ್ಟಿಲಿನ ಮುಂದೆ ಅದು ಬರೀ ಮೂಟೆ. ಎತ್ತುವವರಿಗೆ ಅರವತ್ತೆಂಟಾಗಿ, ಮುಖಕ್ಕೆ ಚಳಿಗಾಳಿ ಬಡಿಯುತ್ತಿದ್ದರೆ, ಚಕ್ರ ಕಂಡುಹಿಡಿದವನ ಮೇಲಿನ ಗೌರವವೂ ಇಳಿಯುತ್ತದೆ.

ಎತ್ತಿದವರು ಸಂಜೀವಣ್ಣ. ಹಮದ್ ಟೌನಿನಲ್ಲಿ ಬಹುಕಾಲ ದರ್ಜಿಯಾಗಿದ್ದು, ಇಂದು ಬಹರೇನ್ ಬಿಟ್ಟು ಊರಿಗೆ ಹೊರಟವರು. ಊರಿನಲ್ಲಿ ಮತ್ತೆ ಹೊಲಿಗೆಗೆ ಕೂರುವ ಆಸೆ. ಅದಕ್ಕಾಗಿ ಒಯ್ಯುತ್ತಿದ್ದ ಸ್ವಂತದ ವಸ್ತು ಒಂದೇ, ಇಷ್ಟು ವರ್ಷ ಬೆರಳಿಗೆ ಒಗ್ಗಿದ ಭಾರದ ಕತ್ತರಿ. ಅದು ಕೈಚೀಲದಲ್ಲಿ ವಿಮಾನ ಹತ್ತುವಂತಿಲ್ಲ. ಸೂಟ್‌ಕೇಸಿನಲ್ಲಿ ಜಾಗವಿಲ್ಲ, ಹೇಗೋ ತುರುಕಿದ್ದರು.

ಜಾಗವಿಲ್ಲದ್ದಕ್ಕೆ ಕಾರಣ ನಮ್ಮ ಕರಾವಳಿಯವರ ಪದ್ಧತಿ. ಯಾರಾದರೂ ಊರಿಗೆ ಹೊರಟರೆಂದು ಗೊತ್ತಾದರೆ ಸಾಕು, “ಒಂದು ಸಣ್ಣ ಪಾರ್ಸೆಲ್ ಉಂಟು” ಎಂದು ಬರುತ್ತಾರೆ, ಬೇಡವೆನ್ನುವುದು ಮರ್ಯಾದೆಯಲ್ಲ. ಎಲ್ಲಕ್ಕೂ ಲೆಕ್ಕವಿಡುವ ಚಟದ ನಾನು ಇದನ್ನೂ ಬರೆದಿಟ್ಟಿದ್ದೇನೆ: ಪಾರ್ಸೆಲ್ ಒಂಬತ್ತು, ಅವನ್ನು ತಂದ ಕಾರು ಒಂಬತ್ತು, ವಿಮಾನ ನಿಲ್ದಾಣಕ್ಕೆ ಬಿಡುತ್ತೇನೆಂದ ಕಾರು ಸೊನ್ನೆ. ಒಬ್ಬರಿಗೆ ಮಗಳ ಡ್ಯಾನ್ಸ್ ಕ್ಲಾಸು, ಇನ್ನೊಬ್ಬರಿಗೆ ಸೊಂಟನೋವು. ಅವಾಲಿಯ ಡೆನಿಸ್ ಎಂಬವರದು ಎಲ್ಲರಿಗಿಂತ ದೊಡ್ಡ ಕಾರು, ಎಲ್ಲರಿಗಿಂತ ದೊಡ್ಡ ಪಾರ್ಸೆಲ್: ಹುಲಿ ಚಿತ್ರದ ದಪ್ಪ ಬ್ಲಾಂಕೆಟ್. ಕಾರನ್ನು ನಿನ್ನೆಯಷ್ಟೇ ತೊಳೆಸಿದ್ದರಂತೆ. ನಾನೋ ಡ್ರೈವಿಂಗ್ ಟೆಸ್ಟಿನಲ್ಲಿ ಮೂರು ಸಲ ಫೇಲಾದವನು. ಬಸ್ಸಿನಲ್ಲಿ ಹೋಗಿ ಸಂಜೀವಣ್ಣನನ್ನು ಬಸ್ಸಿನಲ್ಲೇ ಕರೆತರುವುದಷ್ಟೇ ನನ್ನಿಂದಾಗುವ ಉಪಕಾರ.

ತೂಕ ಉಳಿಸಲು ಸಂಜೀವಣ್ಣ ಮೂರು ಅಂಗಿ, ಎರಡು ಪ್ಯಾಂಟು ತೊಟ್ಟಿದ್ದರು, ಮೊಣಕಾಲು ಮಡಚುತ್ತಿರಲಿಲ್ಲ. ಹಮದ್ ಟೌನಿನಲ್ಲಿ ರೌಂಡಬೌಟುಗಳಿಗೆ ಬರವಿಲ್ಲ, ಬಸ್ಸು ಒಂದೊಂದನ್ನು ಸುತ್ತುವಾಗಲೂ ಸೂಟ್‌ಕೇಸು ಯಾರದೋ ಕಾಲಿನ ಮೇಲೆ ಹೋಗುತ್ತಿತ್ತು.

“ಹಿಡಿ ಮಾರಾಯ, ಜನರ ಸಾಮಾನು ಉಂಟು ಅದರಲ್ಲಿ.”

“ನಿಮ್ಮದು ಎಂತ ಉಂಟು ಸಂಜೀವಣ್ಣ?”

“ಕತ್ತರಿ ಉಂಟಲ್ಲ.”

ಮನಾಮದಲ್ಲಿ ಬಸ್ಸು ಬದಲಿಸಲು ಗಾಳಿಯಲ್ಲಿ ನಿಂತೆವು. ಸೂಟ್‌ಕೇಸಿನೊಳಗೆ ಬೆಚ್ಚಗೆ ಹುಲಿ, ಹೊರಗೆ ಅದನ್ನು ಅಪ್ಪಿಕೊಂಡು ನಡುಗುವ ಮುದುಕ.

ವಿಮಾನ ನಿಲ್ದಾಣದ ಕೌಂಟರಿನಲ್ಲಿ ತೂಕ ಸ್ವಲ್ಪ ಹೆಚ್ಚಾಯಿತು. ಏನಾದರೂ ತೆಗೆಯಿರಿ ಎಂದಳು ಅಲ್ಲಿನ ಹುಡುಗಿ. ನೆಲದ ಮೇಲೆ ಕಷ್ಟಪಟ್ಟು ಕುಳಿತು ಸಂಜೀವಣ್ಣ ಮೊದಲು ತೆಗೆದದ್ದು ಕತ್ತರಿಯನ್ನೇ.

“ನೀನೇ ಇಟ್ಟುಕೊ. ಉಳಿದದ್ದೆಲ್ಲ ಜನ ನಂಬಿ ಕೊಟ್ಟದ್ದು.”

“ಇದಿಲ್ಲದೆ ಊರಲ್ಲಿ ಎಂತ ಮಾಡ್ತೀರಿ?”

ಅಷ್ಟರಲ್ಲಿ ಅವರಿಗೆ ಫೋನು ಬಂತು. ಡೆನಿಸರ ಸ್ವರ ನನಗೂ ಕೇಳುವಷ್ಟು ದೊಡ್ಡದು.

“ಬ್ಲಾಂಕೆಟ್ ಮೇಲೆಯೇ ಇಟ್ಟಿದ್ದೀರಲ್ವಾ? ಅಡಿಗೆ ಹಾಕಿದರೆ ಪ್ರೆಸ್ ಆಗ್ತದೆ.”

ಬಸ್ಸು ಸಿಕ್ಕಿತೇ, ಚಳಿಯಾಯಿತೇ ಎಂಬ ವಿಚಾರಣೆಯೇ ಇರಲಿಲ್ಲ. ಸಂಜೀವಣ್ಣ ಕತ್ತರಿಯನ್ನೊಮ್ಮೆ ನೋಡಿದರು.

“ಮೇಲೆಯೇ ಉಂಟು ಡೆನಿಸ್. ಅದಕ್ಕೇ ತೆಗೀಲಿಕ್ಕೆ ಸುಲಭ ಆಯ್ತು.”

ಫೋನು ಕಿಸೆಗೆ ಹಾಕಿ, ಬ್ಲಾಂಕೆಟ್ಟನ್ನು ನನ್ನ ಕೈಗಿಟ್ಟು, ಅದರ ಜಾಗದಲ್ಲಿ ಕತ್ತರಿಯನ್ನು ಮಲಗಿಸಿದರು. ಇನ್ನೂ ಜಾಗ ಉಳಿದಿತ್ತು. ಎರಡು ಅಂಗಿ ಬಿಚ್ಚಿ ಅದರ ಮೇಲೆ ಹೊದಿಸಿದರು.

ಹುಲಿ ಈಗ ಬುಸೈತೀನಿನ ನನ್ನ ಕೋಣೆಯಲ್ಲಿ, ಮಂಚದ ಮೇಲಿದೆ. ಬೆಚ್ಚಗಿದೆ, ಅಲ್ಲಗಳೆಯಲಾರೆ. ಅವಾಲಿಗೆ ತಂದುಕೊಡಬೇಕೆಂದು ಡೆನಿಸರಿಂದ ಆಗಲೇ ಎರಡು ಫೋನು ಬಂದಿದೆ. ಬ್ಲಾಂಕೆಟ್ಟಿಗೆ ಚಕ್ರಗಳಿಲ್ಲ, ಅವರ ಕಾರಿಗೆ ನಾಲ್ಕಿವೆ, ತೊಳೆದು ಹೊಳೆಯುವ ನಾಲ್ಕು. ಅವು ಬುಸೈತೀನ್ ತನಕ ಉರುಳಬಲ್ಲವೇ ಎಂದು ಖಚಿತವಾಗಿ ಬಲ್ಲವರು ಯಾರಾದರೂ ಇದ್ದರೆ ದಯವಿಟ್ಟು ಬರೆದು ತಿಳಿಸಬೇಕು.