ಬೋಣಿಗೆ ಮುಂಚಿನ ಒಂದು ಮಾತು

ಬಾಗಲೂರಿನ ಒಂದು ಕೋಣೆಯ ಮನೆಯಲ್ಲಿ ನಸುಕಿನ ಹೊತ್ತು, ಮಂದ ದೀಪವೊಂದೇ ಉರಿಯುತ್ತಿದೆ. ನಿದ್ದೆಯಲ್ಲಿರುವ ಮಗಳ ಬೆರಳನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಆರಲು ಬಿಟ್ಟು, ಸರಳಾ ಸೂಜಿ ಚುಚ್ಚುತ್ತಾರೆ. ಒಂದು ಹನಿ ರಕ್ತವನ್ನು ಪಟ್ಟಿಗೆ ತಾಗಿಸಿ, ಪುಟ್ಟ ಯಂತ್ರದಲ್ಲಿ ಅಂಕಿ ಮೂಡುವವರೆಗೆ ಕಾಯುತ್ತಾರೆ. ಮೂರನೇ ತರಗತಿಯ ಮೋನಿಕಾ ಕಣ್ಣು ಬಿಡುವುದಿಲ್ಲ, ಕೈಯನ್ನೂ ಎಳೆದುಕೊಳ್ಳುವುದಿಲ್ಲ. ಸರಳಾ ತಮ್ಮ ಅತ್ತೆ ಮುನಿಯಲ್ಲಮ್ಮನ ಕಡೆ ತಿರುಗಿ ತಲೆಯಾಡಿಸುತ್ತಾರೆ. ಸಕ್ಕರೆ ಹಿಡಿತದಲ್ಲಿದೆ, ಇನ್ನು ಹೊರಡಬಹುದು ಎಂದರ್ಥ.

ಬೆಳಕು ಹರಿಯುವಾಗ ಸರಳಾ ಯಲಹಂಕದ ಅಪಾರ್ಟ್‌ಮೆಂಟೊಂದರ ಗೇಟಿನ ಪಕ್ಕ ಗೋಣಿಚೀಲ ಹಾಸಿ, ದಂಟು, ಸಬ್ಬಸಿಗೆ, ಕೊತ್ತಂಬರಿ ಕಟ್ಟುಗಳ ಮೇಲೆ ನೀರು ಚಿಮುಕಿಸುತ್ತಿದ್ದಾರೆ.

"ಏನ್ ಸರಳಾ, ದಂಟು ಬಾಡಿದೆಯಲ್ಲ?" ಎನ್ನುತ್ತಾರೆ ಹಳೆಯ ಗಿರಾಕಿ ರಮಾ.

"ಬಾಡಿಲ್ಲ ಅಕ್ಕ, ನಿಮ್ಮಂಗೆ ಈಗ ಎದ್ದೈತೆ. ಒಸಿ ನೀರು ಕುಡೀಲಿ ಬಿಡಿ."

ದಿನದ ಮೊದಲ ವ್ಯಾಪಾರವಾದ ಬೋಣಿ ಆಗುವ ತನಕ ಸರಳಾ ಕೆಟ್ಟ ಮಾತು ಆಡುವುದಿಲ್ಲ. ಕೇಳಿದ ಸೊಪ್ಪು ತಂದಿರದಿದ್ದರೂ 'ಇಲ್ಲ' ಅನ್ನುವುದಿಲ್ಲ, 'ನಾಳೆ ತರ್ತೀನಿ' ಅನ್ನುತ್ತಾರೆ. ಅವರ ಅಮ್ಮನೂ ಹಾಗೆಯೇ ಮಾರುತ್ತಿದ್ದರು.

ಎರಡು ವರ್ಷದ ಹಿಂದೆ ಮನೆಯವರಿಗೆಲ್ಲ ಆರೋಗ್ಯ ವಿಮೆ ಮಾಡಿಸಲು ಏಜೆಂಟ್ ಅರ್ಜಿ ಬರೆದುಕೊಂಡು ಹೋಗಿದ್ದ. ಅದನ್ನು ಖಾತ್ರಿ ಮಾಡಿಕೊಳ್ಳಲು ಕಂಪನಿಯಿಂದ ಫೋನ್ ಬಂದ ದಿನ ಮಳೆ. ಹೊತ್ತು ಏರಿದರೂ ಬೋಣಿ ಆಗಿರಲಿಲ್ಲ.

"ಮನೇಲಿ ಯಾರಿಗಾದ್ರೂ ಕಾಯ್ಲೆ ಐತಾ ಅಂತ ಕೇಳಿದ್ರು. ಬೋಣಿ ಆಗ್ದೆ ಆ ಮಾತು ಬಾಯಲ್ಲಿ ಎಂಗೆ ಬರ್ತದೆ? ಎಲ್ಲಾ ಚೆನ್ನಾಗವ್ರೆ ಸಾರ್ ಅಂದ್ಬಿಟ್ಟೆ. ಏಜೆಂಟಣ್ಣಂಗೆ ಮೊದ್ಲೇ ಏಳಿದ್ನಲ್ಲ, ಬರ್ಕೊಂಡಿರ್ತಾನೆ ಅಂದ್ಕಂಡೆ," ಎನ್ನುತ್ತಾರೆ ಸರಳಾ.

ಅವನು ಬರೆದುಕೊಂಡಿರಲಿಲ್ಲ. ಕಳೆದ ಚಳಿಗಾಲದಲ್ಲಿ ಸಕ್ಕರೆ ಏರಿ ಮೋನಿಕಾ ಪ್ರಜ್ಞೆ ತಪ್ಪಿದಳು. ಆಸ್ಪತ್ರೆಗೆ ಸೇರಿಸಿದ ಮೇಲೆ ಕಂಪನಿ ಆ ಕರೆಯ ಧ್ವನಿಮುದ್ರಣವನ್ನು ಹೊರತೆಗೆಯಿತು. ಮೊದಲೇ ಇದ್ದ ಕಾಯಿಲೆಯನ್ನು ಮುಚ್ಚಿಟ್ಟಿದ್ದೀರಿ ಎಂದು ಖರ್ಚು ಕೊಡಲಿಲ್ಲ, ಪಾಲಿಸಿಯನ್ನೂ ರದ್ದು ಮಾಡಿತು. ಗಂಡ ವಾಸು ಸ್ವಂತ ಆಟೊ ಮಾರಿ ಬಿಲ್ ಕಟ್ಟಿದರು. ಈಗ ಬಾಡಿಗೆ ಆಟೊ ಓಡಿಸುತ್ತಾರೆ. ಇನ್ನೊಮ್ಮೆ ಹಾಗಾದರೆ ಮಾರಲು ಏನೂ ಇಲ್ಲ.

"ಸೊಸೇದು ತಪ್ಪಿಲ್ಲ ಕಣಮ್ಮ," ಎನ್ನುತ್ತಾರೆ ಕೇಳಿದವರಿಗೆ ಮುನಿಯಲ್ಲಮ್ಮ. "ಚೆನ್ನಾಗಿದೀರಾ ಅಂದ್ರೆ ಚೆನ್ನಾಗಿದೀವಿ ಅನ್ನೋದು ಮರ್ಯಾದೆ. ಗುರ್ತಿಲ್ದೋನ ಮುಂದೆ ಫೋನ್ನಾಗೆ ಅಳಕ್ಕಾಯ್ತದಾ?"

ಅಂದಿನಿಂದ ಸರಳಾ ಬೇರೆ ಪಾಲಿಸಿ ಹುಡುಕುತ್ತಿದ್ದಾರೆ. ಎರಡು ಕಡೆ ಕಾಯಿಲೆಯ ಹೆಸರು ಕೇಳುತ್ತಲೇ ಆಗುವುದಿಲ್ಲ ಎಂದಿದ್ದಾರೆ. ಇಂಥ ಮಕ್ಕಳನ್ನೂ ಸೇರಿಸಿಕೊಳ್ಳುವ ಕಂಪನಿಗಳಿವೆ, ಆದರೆ ಆ ಕಾಯಿಲೆಯ ಖರ್ಚು ಸಿಗಲು ಕೆಲವು ವರ್ಷ ಕಾಯಬೇಕಾಗಬಹುದು ಎಂದು ಹೇಳಿ, ರಮಾ ಒಂದು ನಂಬರು ಕೊಟ್ಟಿದ್ದಾರೆ.

ಗಿರಾಕಿಗಳು ಕರಗಿದ ಮೇಲೆ ಸರಳಾ ಕೈ ಒರೆಸಿಕೊಂಡು ಆ ನಂಬರಿಗೆ ಫೋನ್ ಮಾಡುತ್ತಾರೆ. ಆ ಕಡೆಯವರು ಹೆಸರು ಕೇಳುವ ಮುಂಚೆಯೇ ಹೇಳುತ್ತಾರೆ: "ಸಾರ್, ನನ್ ಮಗಳಿಗೆ ಸಕ್ಕರೆ ಕಾಯ್ಲೆ ಐತೆ. ನಾಕನೇ ವರ್ಷದಿಂದ ಇನ್ಸುಲಿನ್ ತಗಂತಾವ್ಳೆ."

"ಲೈನಲ್ಲಿರಿ ಮೇಡಂ," ಎನ್ನುತ್ತದೆ ಒಂದು ದನಿ. ಕರೆ ಹೋಲ್ಡ್‌ಗೆ ಹೋಗುತ್ತದೆ. ಸರಳಾ ಫೋನನ್ನು ಕಿವಿಗೆ ಇನ್ನಷ್ಟು ಒತ್ತಿಕೊಳ್ಳುತ್ತಾರೆ.

"ಸಾರ್, ಕಾಯೋದಿದ್ರೆ ಕಾಯ್ತೀವಿ. ಅವಳ ಹೆಸ್ರು ಸೇರಿಸ್ಕಳಿ."