ಪೊರಕೆ ನೆಟ್ಟಗಿದ್ದರೆ ಕವಿತೆ ಕೇಳಿಸಿದೆ ಎಂದರ್ಥ

ಚಳಿಗಾಲದ ಬೆಳಗು. ಸಭಾಂಗಣದ ಕಿಟಕಿ ಗಾಜುಗಳ ಮೇಲೆ ಇಬ್ಬನಿ ಇನ್ನೂ ಹನಿಹನಿಯಾಗಿ ಇಳಿಯುತ್ತಿದೆ. ಒಳಗೆ ಒಬ್ಬರು ಮೊಣಕಾಲೂರಿ ವೇದಿಕೆಯ ಅಂಚಿನುದ್ದಕ್ಕೂ ವೈರು ಹಾಸುತ್ತಿದ್ದಾರೆ. ಗಂಟು ಸಿಕ್ಕಲ್ಲಿ ಎಳೆಯುವುದಿಲ್ಲ. ಎಳೆಗರುವಿನ ಕೊರಳ ಹಗ್ಗ ಬಿಡಿಸುವವರಂತೆ ಬೆರಳಾಡಿಸಿ ಬಿಡಿಸುತ್ತಾರೆ. ಅವರ ಹೆಂಡತಿ ಕುರ್ಚಿಗಳ ಕಾಲಿಗೆ ಹಳೆಯ ಬಟ್ಟೆಯ ಚೂರು ಸುತ್ತುತ್ತಿದ್ದಾರೆ.

“ಕುರ್ಚಿ ಒಂದ್ಸಲ ಕಿರ್ರ್ ಅಂದ್ರೆ ಸಾಕು, ಅಕ್ಕನ ಅರ್ಧ ಪದ್ಯ ಅದರ ಹೊಟ್ಟೆಗೆ ಹೋಗುತ್ತೆ” ಎನ್ನುತ್ತಾರೆ ಆಕೆ.

ಅಕ್ಕ ಎಂದರೆ ಇಂದು ಇಲ್ಲಿ ತಮ್ಮ ಹೊಸ ಸಂಕಲನದಿಂದ ಓದಲಿರುವ ಕವಯಿತ್ರಿ. ಗಂಟಲಿನ ಆಪರೇಷನ್ ಆದ ಮೇಲೆ ಅವರಿಗೆ ಉಳಿದಿರುವುದು ಪಿಸುಮಾತಿನಷ್ಟು ದನಿ. ಇದೇ ಅವರ ಕೊನೆಯ ಓದು ಎಂದು ಬಲ್ಲವರು ಮಾತಾಡಿಕೊಳ್ಳುತ್ತಿದ್ದಾರೆ. ಆ ದನಿಯನ್ನು ಗೋಡೆಗೆ ಒರಗಿ ನಿಂತವರವರೆಗೂ ಮುಟ್ಟಿಸಬೇಕಾದವರು ಈ ವೈರು ಹಾಸುವವರು, ಎಲ್ಲರ ಬಾಯಲ್ಲಿ ಮೈಕಣ್ಣ. ಮನೆಯವರಿಟ್ಟ ಹೆಸರು ಕೇಳಿದರೆ, “ಆ ಹೆಸರಲ್ಲಿ ಕೂಗೋರೇ ಇಲ್ಲ, ಹೇಳಿ ಏನ್ಮಾಡ್ಲಿ?” ಎಂದು ನಗುತ್ತಾರೆ.

ವಾರಕ್ಕೆ ಎರಡು ಮೂರು ಪುಸ್ತಕಗಳಾದರೂ ಈ ವೇದಿಕೆಯಲ್ಲಿ ಬಿಡುಗಡೆಯಾಗುತ್ತವೆ. ಆಹ್ವಾನಪತ್ರಿಕೆಯಲ್ಲಿ ಹೂಗುಚ್ಛ ಕೊಡುವವರ ಹೆಸರೂ ಇರುತ್ತದೆ. ವಂದನಾರ್ಪಣೆಯಲ್ಲಿ “ಧ್ವನಿವರ್ಧಕದವರಿಗೂ” ಎಂಬ ಮಾತು ಬರುವಷ್ಟರಲ್ಲಿ ಜನ ಎದ್ದು ಚಪ್ಪಲಿ ಹುಡುಕುತ್ತಿರುತ್ತಾರೆ.

ಹುಡುಗನಾಗಿದ್ದಾಗ ಹೊಲದ ಅಟ್ಟಣಿಗೆ ಹತ್ತಿ ಹಕ್ಕಿ ಓಡಿಸಿದವರು ಇವರು. “ಕೂಗಿ ಕೂಗಿ ಗಾಳಿ ಗುಣ ಗೊತ್ತಾಯ್ತು. ಬಿಸಿಲೇರಿದ ಮೇಲೆ ದನಿ ಮೇಲಕ್ಕೆ ಹೋಗಿಬಿಡುತ್ತೆ, ಬೆಳಿಗ್ಗೆ ತಂಪಲ್ಲಿ ನೆಲ ಹಿಡ್ಕೊಂಡು ಬರುತ್ತೆ.” ಆಮೇಲೆ ಮದುವೆ ಮನೆಗಳಿಗೆ, ಮೆರವಣಿಗೆಗಳಿಗೆ ಸ್ಪೀಕರ್ ಹೊತ್ತರು. ಕಿವಿಯ ಬದಿಯಲ್ಲೇ ಅದು ಬೊಬ್ಬಿರಿದು ಬಲಗಿವಿ ಮಂದವಾಯಿತು. ಹಾಗಾಗಿ ಇಲ್ಲಿ ಕಸ ಗುಡಿಸುವ ಹೆಂಡತಿಯೇ ಅವರ ಇನ್ನೊಂದು ಕಿವಿ. ಕಾರ್ಯಕ್ರಮದುದ್ದಕ್ಕೂ ಆಕೆ ಹಿಂಬದಿಯ ಗೋಡೆಯ ಬಳಿ ಪೊರಕೆ ಹಿಡಿದು ನಿಲ್ಲುತ್ತಾರೆ. ಪೊರಕೆ ನೆಟ್ಟಗಿದ್ದರೆ ಕೇಳಿಸುತ್ತಿದೆ ಎಂದು, ಓರೆಯಾದರೆ ದನಿ ಏರಿಸಬೇಕು ಎಂದು. ಗುಡಿಸಲು ಶುರುಮಾಡಿದರೆ ಭಾಷಣ ಸಾಕಾಗಿದೆ ಎಂದರ್ಥ.

“ಹೋದ ವಾರ ಅಧ್ಯಕ್ಷರು ಮಾತಾಡ್ತಿರುವಾಗ್ಲೇ ಗುಡಿಸಿಬಿಟ್ಲು ಪುಣ್ಯಾತ್ಗಿತ್ತಿ!”

“ಮತ್ತೆ? ಹೇಳಿದ್ದನ್ನೇ ಹೇಳ್ತಿದ್ರೆ ಕಸ ಆಗಲ್ವಾ?” ಆಕೆ ತಲೆಯೆತ್ತದೆ ಕೇಳುತ್ತಾರೆ.

ಕವಯಿತ್ರಿ ಮೊದಲೇ ಬರುತ್ತಾರೆ. ಕತ್ತಿಗೆ ಮಫ್ಲರ್, ಕೈಯಲ್ಲಿ ಬಿಸಿನೀರಿನ ಫ್ಲಾಸ್ಕ್. ಮೈಕಣ್ಣ ಯಾರಿಂದಲೂ ‘ಹಲೋ ಹಲೋ’ ಹೇಳಿಸುವುದಿಲ್ಲ. ಹಾಗೆ ಹೇಳಿದರೆ ಗಂಟಲು ಸೆಟೆದುಕೊಳ್ಳುತ್ತದಂತೆ.

“ಅಕ್ಕಾ, ಬೆಳಿಗ್ಗೆ ಏನು ತಿಂದ್ರಿ?”

“ಗಂಜಿ ಕಣೋ ತಮ್ಮ. ಸೊಸೆ ಉಪ್ಪು ಹಾಕೋದು ಮರೆತಿದ್ಲು. ಹೇಳಕ್ಕೆ ದನಿ ಇರ್ಲಿಲ್ಲ, ಕುಡಿದೆ.”

ಅಕ್ಕ ನಗುತ್ತಾರೆ. ಮನೆಯಲ್ಲಿ ಮಾತಾಡುವಂಥ ಅದೇ ದನಿಗೆ ಮೈಕಣ್ಣ ಮೈಕಿನ ಎತ್ತರ ಹೊಂದಿಸಿ, ಸ್ಟ್ಯಾಂಡಿನ ತಿರುಪು ಬಿಗಿಯುತ್ತಾರೆ.

ಇಬ್ಬರ ನಡುವೆ ಒಂದು ಹಳೆಯ ಬಾಕಿಯಿದೆ. ವರ್ಷಗಳ ಹಿಂದೆ ಇದೇ ವೇದಿಕೆಯಲ್ಲಿ ಅಕ್ಕ ಕವಿತೆಯೊಂದರ ಕೊನೆಯ ಸಾಲಿಗೆ ಮುಂಚೆ ದೀರ್ಘವಾಗಿ ತಡೆದು ನಿಂತರು. ಮುಗಿಯಿತೆಂದುಕೊಂಡ ಮೈಕಣ್ಣ ವಾಲ್ಯೂಮ್ ಇಳಿಸಿದರು. ಆ ಸಾಲು ಯಾರಿಗೂ ಕೇಳಿಸಲಿಲ್ಲ, ಚಪ್ಪಾಳೆ ಬಿತ್ತು. ಇಳಿದು ಬಂದವರು ಬೈಯಲಿಲ್ಲ. “ನನ್ನದೊಂದು ಸಾಲು ನಿನ್ನ ಹತ್ರ ಉಳೀತಲ್ಲೋ ತಮ್ಮ” ಎಂದಷ್ಟೇ ಅಂದರು.

“ಬೈದಿದ್ರೆ ಮರೆತೇ ಹೋಗ್ತಿತ್ತು” ಎನ್ನುತ್ತಾರೆ ಮೈಕಣ್ಣ. “ಅವತ್ತಿಂದ, ಓದೋರು ನಿಲ್ಲಿಸಿದ್ರೆ ಕೈ ತೊಡೆ ಕೆಳಗೆ ಇಟ್ಕೊಂಡು ಕೂತ್ಬಿಡ್ತೀನಿ. ಅವರು ಮೈಕ್ ಬಿಟ್ಟು ಆಚೆ ಸರಿದ ಮೇಲೇ ಗುಂಡಿ ಮುಟ್ಟೋದು.”

ಸಭೆ ತುಂಬುತ್ತದೆ. ಕವಯಿತ್ರಿ ಓದಲು ನಿಲ್ಲುತ್ತಾರೆ. ದೂರದಲ್ಲಿ ಪೊರಕೆ ಓರೆಯಾಗುತ್ತದೆ. ಮೈಕಣ್ಣ ಗುಂಡಿಯನ್ನು ಕೂದಲೆಳೆಯಷ್ಟು ತಿರುಗಿಸುತ್ತಾರೆ. ಇನ್ನೂ ಓರೆ. ಇನ್ನೊಂದೆಳೆ. ಇದಕ್ಕಿಂತ ಏರಿಸಿದರೆ ಸ್ಪೀಕರ್ ಕುಂಯ್ ಎಂದು ಕಿರುಚುತ್ತದೆ. ಎಡಗಿವಿಯನ್ನು ಸ್ಪೀಕರಿನತ್ತ ವಾಲಿಸಿ, ಉಸಿರು ಹಿಡಿದು ಮತ್ತೊಂದೆಳೆ. ಪೊರಕೆ ನೆಟ್ಟಗಾಗುತ್ತದೆ.

ಆಮೇಲೆ ನಡೆಯುವುದು ನೋಡಿದವರಷ್ಟೇ ನಂಬುವಂಥದ್ದು. ಮನೆಯಲ್ಲಿ ಎದುರಿಗೇ ಕುಳಿತ ಸೊಸೆಯೂ ಎರಡೆರಡು ಸಲ ಕೇಳಿ ತಿಳಿಯಬೇಕಾದ ದನಿ ಇಡೀ ಸಭಾಂಗಣವನ್ನು ತುಂಬುತ್ತದೆ. ಪುಟ ತಿರುವುವ ಬೆರಳು, ಎಳೆದುಕೊಳ್ಳುವ ಉಸಿರು ಎಲ್ಲವೂ ಪ್ರತಿಯೊಬ್ಬರ ಕಿವಿಯ ಪಕ್ಕದಲ್ಲೇ. ಕೆಮ್ಮುವವರು ಕೆಮ್ಮು ನುಂಗಿಕೊಳ್ಳುತ್ತಾರೆ.

ಕೊನೆಯ ಕವಿತೆ. ಕೊನೆಯ ಸಾಲಿಗೆ ಮುಂಚೆ ಕವಯಿತ್ರಿ ನಿಲ್ಲುತ್ತಾರೆ. ಮೌನ ಉದ್ದವಾಗುತ್ತದೆ. ಬದಿಯಲ್ಲಿ ನಿಂತ ಸಂಘದ ಕಾರ್ಯದರ್ಶಿ, ಮುಗಿಯಿತೆಂದು, ವಾಲ್ಯೂಮ್ ಇಳಿಸಲು ಸನ್ನೆ ಮಾಡುತ್ತಾರೆ. ಮತ್ತೆ ಮಾಡುತ್ತಾರೆ. ಮೈಕಣ್ಣನ ಎರಡೂ ಕೈ ತೊಡೆಯ ಕೆಳಗಿವೆ. ಕಣ್ಣು ಅಕ್ಕನ ತುಟಿಯ ಮೇಲಿದೆ. ಆ ತುಟಿ ಕೊನೆಗೂ ಅಲ್ಲಾಡುತ್ತದೆ. ಸಾಲು ಹೊರಬೀಳುತ್ತದೆ, ಸಣ್ಣಗೆ, ಪೂರ್ತಿಯಾಗಿ. ಗೋಡೆಯ ಬಳಿ ಪೊರಕೆ ಹಿಡಿದ ಕೈ ಸೆರಗಿನಿಂದ ಕಣ್ಣೊರೆಸುತ್ತದೆ.

ಜನ ಕರಗಿದ ಮೇಲೆ ಮೈಕಣ್ಣ ಮೆಲ್ಲಗೆ ಕೇಳುತ್ತಾರೆ, “ಅಕ್ಕಾ, ಅವತ್ತಿಂದು ತೀರ್ತಾ?”

“ಎಲ್ಲಿ ತೀರ್ತು? ಇವತ್ತು ಓದಿದ್ದು ಬೇರೆ ಪದ್ಯ. ಆ ಹಳೇದು ಹಾಗೇ ಇದೆ.” ಅವರು ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತಾರೆ. “ಬಂದು ವಸೂಲಿ ಮಾಡ್ಕೋತೀನಿ, ತಡಿ.”

ಅವರು ಹೋದ ಮೇಲೆ ಮೈಕಣ್ಣ ವೈರು ಸುತ್ತಿಡುತ್ತಾರೆ. ಸ್ಟ್ಯಾಂಡಿನ ತಿರುಪನ್ನು ಮಾತ್ರ ಸಡಿಲಿಸುವುದಿಲ್ಲ. ಅಕ್ಕನ ಎತ್ತರಕ್ಕೇ ಇರುವ ಅದನ್ನು ಮೂಲೆಗೆ ಒಯ್ದು ನಿಲ್ಲಿಸುತ್ತಾರೆ.

“ನಾಳೆ ಬೇರೆಯವರ ಕಾರ್ಯಕ್ರಮ ಇದೆ, ಗೊತ್ತಲ್ಲ?” ಹೆಂಡತಿ ಎಚ್ಚರಿಸುತ್ತಾರೆ.

“ಅವರಿಗೆ ಇನ್ನೊಂದಿದೆ ಬಿಡು.”