ಮೆಟ್ಟುಕತ್ತಿಯಿಂದ ಎದ್ದ ಮೇಲೆ

ಕುಂದಾಪುರದ ಡಾಕ್ಟರು ನನ್ನ ಮೊಣಕಾಲಿನ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ನೋಡಿ, "ಇನ್ನ್ ನೆಲ್ದ್ ಮೇಲೆ ಕೂಕಂಬುಕೆ ಆಗ" ಅಂದರು.

"ಹಂಗಾರೆ ತರ್ಕಾರಿ ಕೊಯ್ಯುದ್ ಹ್ಯಾಂಗೆ?" ಎಂದು ಕೇಳಿದೆ. ಅವರು ನಕ್ಕರು. ನಾನು ತಮಾಷೆಗೆ ಕೇಳಿರಲಿಲ್ಲ.

ನಮ್ಮ ಕಡೆ ತರಕಾರಿ ಕೊಯ್ಯುವುದು ಮೆಟ್ಟುಕತ್ತಿಯಲ್ಲಿ. ಮರದ ಮಣೆ, ಅದರ ತುದಿಯಲ್ಲಿ ಎದ್ದು ನಿಂತ ಬಾಗಿದ ಅಲಗು. ಮಣೆಯನ್ನು ಕಾಲಿನಲ್ಲಿ ಮೆಟ್ಟಿ ಕೂತು, ಎರಡೂ ಕೈಯಲ್ಲಿ ಹಿಡಿದ ಕಾಯಿಯನ್ನು ಅಲಗಿಗೆ ಒತ್ತಿದರೆ ಆಯಿತು. ಕತ್ತಿ ಇದ್ದಲ್ಲೇ ಇರುತ್ತದೆ, ತರಕಾರಿಯೇ ಅದರ ಹತ್ತಿರ ಹೋಗುತ್ತದೆ. ಬೈಂದೂರಿನ ಸ್ಟೇಷನ್ ರಸ್ತೆಯ ಈ ಬಾಡಿಗೆ ಮನೆಯಲ್ಲಿ ಗಂಡ ತೀರಿಕೊಂಡ ಮೇಲೆ ನಾನು ಮತ್ತು ಅತ್ತೆ ಇಬ್ಬರೇ ಇದ್ದೆವು. ಮುಂದಿನ ಕೋಣೆಯಲ್ಲಿ ನಾನು ರವಿಕೆ ಹೊಲಿಯುತ್ತೇನೆ. ಬೆಳಿಗ್ಗೆ ಮಷೀನಿಗೆ ಕೂರುವ ಮೊದಲು ನಾನು ಮೆಟ್ಟುಕತ್ತಿಗೆ ಕೂತರೆ, ಅತ್ತೆ ಎದುರಿಗೆ ತೆಂಗಿನಕಾಯಿ ತುರಿಯಲು ಕೂರುತ್ತಿದ್ದರು. ಯಾರ ಮನೆಯಲ್ಲಿ ಎಂತ ಆಯಿತು, ನಿನ್ನೆಯ ಸಾರಿಗೆ ನಾನು ಉಪ್ಪು ಜಾಸ್ತಿ ಹಾಕಿದ್ದು, ಎಲ್ಲ ಮಾತೂ ಅಲ್ಲೇ. ನಾವೇನು ಹಾಲು ಸಕ್ಕರೆಯಂತೆ ಇದ್ದವರಲ್ಲ. ಆದರೂ ಮುಖಕ್ಕೆ ಮುಖ ಕೊಟ್ಟು ಕೂರುತ್ತಿದ್ದೆವು. ಹೋದ ವರ್ಷ ಅತ್ತೆಯೂ ಹೋದರು.

ಮುಂಬೈಯಲ್ಲಿರುವ ತಂಗಿ ಅಂದಿನಿಂದ ಒಂದೇ ರಾಗ ಹಿಡಿದಿದ್ದಳು. "ಒಬ್ಳೇ ಇದ್ಕಂಡ್ ಅಲ್ಲಿ ಎಂತ ಮಾಡ್ತೆ? ಇಲ್ಲಿಗೆ ಬಾ." ಅವಳ ಮನಸ್ಸು ಒಳ್ಳೆಯದೇ. ಆದರೆ ಅಲ್ಲಿ ನಾನು ನಡುಕೋಣೆಯ ಮೂಲೆಯ ಮಂಚದಲ್ಲಿ ಮಲಗಬೇಕು, ಇನ್ನೊಬ್ಬರ ಒಲೆಯ ಮುಂದೆ ಕೇಳಿ ಕೇಳಿ ನೀರು ಕಾಯಿಸಬೇಕು. ಇಲ್ಲಿ ನನ್ನ ಮಷೀನಿದೆ, ನನ್ನ ಗಿರಾಕಿಗಳಿದ್ದಾರೆ. "ನಂದ್ ನಾ ಬೇಯ್ಸ್ಕಂಡ್ ಉಣ್ತೆ, ನಾ ಬತ್ತಿಲ್ಲೆ" ಎನ್ನುವುದೊಂದೇ ನನ್ನ ವಾದ. ಬೇಯಿಸಿಕೊಳ್ಳಲಾಗದಿದ್ದರೆ ಆ ವಾದವೂ ಇಲ್ಲ, ಈ ಮನೆಯೂ ಇಲ್ಲ.

ಹಾಗಾಗಿ ನಿಂತುಕೊಂಡು ಕೊಯ್ಯುವ ಚಾಕು ಬೇಕಾಯಿತು. ಮೊದಲು ಸಂತೆಯಲ್ಲಿ ಗರಗಸದಂಥ ಹಲ್ಲಿನ ಒಂದು ಅಗ್ಗದ ಚಾಕು ತಂದೆ. ಅದು ಬ್ರೆಡ್ಡಿಗೆ ಸರಿ, ಅಲಸಂಡೆಯನ್ನು ನಾರು ನಾರು ಮಾಡಿಟ್ಟಿತು. ಆಮೇಲೆ ಪಾತ್ರೆ ಅಂಗಡಿಯಲ್ಲಿ ಫಳಫಳ ಹೊಳೆಯುವ ದೊಡ್ಡದೊಂದು ಕೊಂಡೆ. ಅದರ ಹಿಡಿ ನನ್ನ ಕೈಗೆ ದಪ್ಪ, ಒದ್ದೆಯಾದರೆ ಜಾರುತ್ತಿತ್ತು. ಮೂರನೆಯದನ್ನು ಮಾತ್ರ ಕತ್ತರಿ ಆರಿಸುವ ಹಾಗೆ ಆರಿಸಿದೆ. ಕೈಯಲ್ಲಿ ಹಿಡಿದು ತೂಗಿ, ಅಲಗು ಹಿಡಿಯೊಳಗೆ ಗಟ್ಟಿಯಾಗಿ ಕೂತಿದೆಯೇ ಎಂದು ಅಲ್ಲಾಡಿಸಿ, ಅಂಗಡಿಯವನು ಬೇಸರಿಸಿದರೂ ಬಿಡದೆ. ಅಂಗೈಗಿಂತ ಸ್ವಲ್ಪ ಉದ್ದ, ಹಲ್ಲಿಲ್ಲದ ನೇರ ಅಲಗು, ಹಗುರ. ಬೆಲೆಯೂ ಹಗುರವೇ.

ಅಷ್ಟೆಲ್ಲ ಆರಿಸಿದವಳು ಮನೆಗೆ ಬಂದು ಮಾಡಿದ್ದೇನು? ಬಲಗೈಯಲ್ಲಿ ಚಾಕುವನ್ನು ಬಾಯಿ ಮೇಲಾಗಿ ನೆಟ್ಟಗೆ ಹಿಡಿದು, ಎಡಗೈಯಲ್ಲಿ ಸೌತೆಕಾಯಿ ತಂದು ಅದಕ್ಕೆ ಒತ್ತಿದೆ. ನಲವತ್ತು ವರ್ಷ ಕಾಯಿಯನ್ನು ಕತ್ತಿಯ ಬಳಿಗೆ ಒಯ್ದ ಕೈ, ಕತ್ತಿಯನ್ನು ಕಾಯಿಯ ಬಳಿಗೆ ಒಯ್ಯಬೇಕೆಂದು ಅದಕ್ಕೆ ಹೊಳೆಯಲೇ ಇಲ್ಲ. ಸೌತೆಕಾಯಿ ಜಾರಿತು, ಹೆಬ್ಬೆರಳು ಜಾರಲಿಲ್ಲ. ಒಂದು ಕೈಯಲ್ಲಿ ಹೆಬ್ಬೆರಳು ಒತ್ತಿಕೊಂಡು ಆಟೋದಲ್ಲಿ ಆಸ್ಪತ್ರೆಗೆ ಹೋಗಿ ಹೊಲಿಗೆ ಹಾಕಿಸಿಕೊಂಡೆ. ಹೊಲಿಯುವವಳಿಗೇ ಹೊಲಿಗೆ ಬಿತ್ತು.

ಸಂಜೆ ತಂಗಿಯ ವಿಡಿಯೋ ಕಾಲ್. ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡಿದ್ದೆ, ಆದರೂ ಅವಳ ಕಣ್ಣಿಗೆ ಬಿತ್ತು.

"ಅಯ್ಯೋ, ಕೈಗೆ ಎಂತ ಆಯ್ತ್? ಕಾಣ್, ನಾ ಹೇಳಿದ್ದಲ್ದಾ? ಗಾಯ ಗುಣ ಆದ್ ಕೂಡ್ಲೆ ಟಿಕೆಟ್ ಮಾಡ್ತೆ."

"ಗಾಯ ಗುಣ ಆಯ್ಲಿ, ಕಾಂಬ" ಎಂದೆ. ಆಮೇಲೆ ಅವಳು ದಿನಾ ಫೋನ್ ಮಾಡತೊಡಗಿದಳು. ಉಂಡ್ಯಾ, ಎಂತ ಉಂಡೆ, ಪಟ್ಟಿ ಬದಲಿಸಿದ್ಯಾ, ನೀರು ತಾಗಿಸಬೇಡ. ನನಗೆ ರೇಗುತ್ತಿತ್ತು. ನನ್ನನ್ನು ಎಳೆದುಕೊಂಡು ಹೋಗಲು ಹೊಂಚು ಹಾಕಿದ್ದಾಳೆ ಅನಿಸುತ್ತಿತ್ತು.

ಹಟ ಹಿಡಿದು ಕಲಿತೆ. ಕುಣಿಯಲಾರದವಳು ನೆಲ ಡೊಂಕೆಂದಳಂತೆ, ಹಾಗೆ ಚಾಕುವನ್ನು ಬೈಯುವುದು ಬಿಟ್ಟೆ. ಎಡಗೈಯ ಬೆರಳುಗಳನ್ನು ಒಳಕ್ಕೆ ಮಡಚಿ ಕಾಯಿಯ ಮೇಲೆ ಇಟ್ಟರೆ ಅಲಗು ಗೆಣ್ಣಿಗೆ ತಾಗಿಕೊಂಡು ಇಳಿಯುತ್ತದೆ, ಬೆರಳಿಗೆ ಬರುವುದಿಲ್ಲ. ಮೊದಲು ಕಡಪಾ ಕಲ್ಲಿನ ಕಟ್ಟೆಯ ಮೇಲೆಯೇ ಕೊಯ್ಯುತ್ತಿದ್ದೆ. ವಾರದೊಳಗೆ ಟೊಮೆಟೊ ಕೊಯ್ಯುವ ಬದಲು ಜಜ್ಜುವಂತಾಯಿತು. ಬಟ್ಟೆಯ ಕತ್ತರಿಯಲ್ಲಿ ಕಾಗದ ಕತ್ತರಿಸಿದವರ ಮೇಲೆ ಹರಿಹಾಯುವ ನಾನು, ಚಾಕುವನ್ನು ಕಲ್ಲಿಗೆ ಕುಕ್ಕುತ್ತಿದ್ದೆನಲ್ಲ! ಮರದ ಹಲಗೆ ತಂದೆ. ಸಾಣೆಕಲ್ಲನ್ನು ಒದ್ದೆ ಮಾಡಿ, ಅಲಗನ್ನು ಸ್ವಲ್ಪವೇ ಎತ್ತಿ ಹಿಡಿದು, ಎರಡೂ ಮೈ ಸಮನಾಗಿ ಎಳೆದೆ. ಮೊಂಡಾದ ಚಾಕುವಿಗೆ ಜೋರು ಹಾಕಬೇಕು, ಜೋರು ಹಾಕಿದರೆ ಅದು ಜಾರುತ್ತದೆ. ಹರಿತವಾದದ್ದಕ್ಕೇ ಹೆದರಿಕೆ ಕಡಿಮೆ. ಕೆಲಸ ಮುಗಿದ ಕೂಡಲೇ ತೊಳೆದು, ಒರೆಸಿ, ಹಳೆಯ ಬಟ್ಟೆಯಲ್ಲಿ ಸುತ್ತಿ ಇಡುತ್ತೇನೆ. ಸಿಂಕಿನ ಪಾತ್ರೆಗಳ ನಡುವೆ ಬಿಡುವುದಿಲ್ಲ.

ಒಂದು ಮಾತ್ರ ಅಭ್ಯಾಸ ಆಗಲಿಲ್ಲ. ಕಟ್ಟೆಯ ಮುಂದೆ ನಿಂತು ಕೊಯ್ಯುವವಳ ಎದುರಿಗೆ ಇರುವುದು ಗೋಡೆಯ ಟೈಲ್ಸ್. ಕೂತು ಕೊಯ್ಯುವಾಗ ಎದುರಿಗೆ ಒಬ್ಬರಿಗೆ ಜಾಗ ಇರುತ್ತಿತ್ತು. ನಿಂತವಳ ಎದುರು ಯಾರೂ ಕೂರಲಾರರು. ಅತ್ತೆ ಹೋದದ್ದು ನನಗೆ ಸರಿಯಾಗಿ ಗೊತ್ತಾದದ್ದೇ ಆ ಟೈಲ್ಸಿನ ಮುಂದೆ. ಅಲ್ಲಿ ಕೆಲವು ದಿನ ನೀರುಳ್ಳಿ ಇಲ್ಲದೆಯೂ ಅತ್ತಿದ್ದೇನೆ.

ಗಾಯ ಮಾಯಿತು. ಒಂದು ಭಾನುವಾರ ತಂಗಿ ಫೋನ್ ಮಾಡಿದಾಗ, ಮೊಬೈಲನ್ನು ಸಕ್ಕರೆ ಡಬ್ಬಿಗೆ ಆನಿಸಿ ನಿಲ್ಲಿಸಿದೆ. ಅವಳು ನೋಡುತ್ತಿದ್ದಂತೆ ಒಂದು ಹಿಡಿ ಅಲಸಂಡೆಯನ್ನು ಒಂದೇ ಅಳತೆಗೆ ಟಕಟಕ ಕೊಯ್ದು ರಾಶಿ ಹಾಕಿದೆ. ಟೊಮೆಟೊ ಕೊಯ್ದು, ಅದರ ತೆಳ್ಳಗಿನ ಬಿಲ್ಲೆಯನ್ನು ಬೆಳಕಿಗೆ ಎತ್ತಿ ತೋರಿಸಿದೆ. ಹೊಸ ರವಿಕೆಯ ತೋಳು ತೋರಿಸುವಾಗಲೂ ನನಗೆ ಅಷ್ಟು ಜಂಬ ಇರುವುದಿಲ್ಲ.

"ನಂಗೇ ಹಿಂಗೆ ಕೊಯ್ಯುಕೆ ಬತ್ತಿಲ್ಲೆ, ಮಾರಾಯ್ತಿ!" ತಂಗಿ ಮನಸಾರೆ ನಕ್ಕಳು. "ಆಯ್ತ್, ನೀ ಅಲ್ಲೇ ಇರ್. ಇನ್ನ್ ನಂಗೆ ನಿನ್ ಚಿಂತಿ ಇಲ್ಲೆ."

"ಇಲ್ಲೆ, ಎಂತ ಚಿಂತಿಯೂ ಬ್ಯಾಡ" ಎಂದು ನಾನೇ ಹೇಳಿದೆ.

ಅವಳು ಮಾತಿಗೆ ತಪ್ಪುವವಳಲ್ಲ. ಟಿಕೆಟ್ಟಿನ ಸುದ್ದಿ ಮತ್ತೆ ಎತ್ತಲಿಲ್ಲ. ದಿನಾ ಬರುತ್ತಿದ್ದ ಫೋನ್ ವಾರಕ್ಕೊಮ್ಮೆ ಆಯಿತು, ಈಗ ಹಬ್ಬಕ್ಕೆ ಬರುತ್ತದೆ. ನಾನು ಗೆದ್ದೆ. ಮಧ್ಯಾಹ್ನ ಒಬ್ಬಳಿಗೆ ಬೇಕಾದಷ್ಟು ಅಲಸಂಡೆಯನ್ನು ಚೆಂದವಾಗಿ ಕೊಯ್ದು, ಪಲ್ಯ ಮಾಡಿ, ಬಡಿಸಿಕೊಂಡು ಕೂರುತ್ತೇನೆ. ಉಂಡ್ಯಾ ಎಂದು ಯಾರೂ ಕೇಳುವುದಿಲ್ಲ.